ನವೀಕರಣದಿಂದ ಹುಟ್ಟುವ ಲಾಗಿನ್ ದೌರ್ಬಲ್ಯಗಳು

ಸರಿಯಾಗಿ ನಡೆಯುತ್ತಿದ್ದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ ಕಾರಣದಿಂದಲೇ ಅದರ ಪ್ರವೇಶ ತಪಾಸಣೆ ಕೆಟ್ಟು, ಹಕ್ಕಿಲ್ಲದವರೂ ಒಳಬರುವಂತಾಗುವ ದೋಷಗಳನ್ನು ಈ ವರ್ಗಕ್ಕೆ ಸೇರಿಸುತ್ತಾರೆ. ಇಲ್ಲಿ ಯಾರೂ ಪಾಸ್‌ವರ್ಡ್ ಕದ್ದಿರುವುದಿಲ್ಲ, ಊಹಿಸಿಯೂ ಇರುವುದಿಲ್ಲ. ಪಾಸ್‌ವರ್ಡ್ ಕೇಳಬೇಕಾದ ತಂತ್ರಾಂಶವೇ ತಪ್ಪು ಉತ್ತರವನ್ನು ಒಪ್ಪಿಕೊಳ್ಳುತ್ತದೆ, ಕೆಲವೊಮ್ಮೆ ಕೇಳುವುದನ್ನೇ ಬಿಡುತ್ತದೆ. ಬಳಕೆದಾರರು ಎಷ್ಟೇ ಗಟ್ಟಿಯಾದ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ. ಸುರಕ್ಷತೆಗೆಂದೇ ಹಾಕಿಕೊಂಡ ಅಪ್‌ಡೇಟ್‌ನಿಂದ ಹಾನಿಯಾಯಿತೆಂದರೆ ಮುಂದಿನ ಅಪ್‌ಡೇಟ್ ಹಾಕಿಕೊಳ್ಳಲು ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆ ಇನ್ನೂ ದೊಡ್ಡ ಅಪಾಯಕ್ಕೆ ದಾರಿ ಮಾಡುತ್ತದೆ.

ಲಾಗಿನ್ ವ್ಯವಸ್ಥೆ ಎರಡು ಕೆಲಸ ಮಾಡುತ್ತದೆ. ಬಂದವರು ಯಾರೆಂದು ಖಚಿತಪಡಿಸಿಕೊಳ್ಳುವುದು ದೃಢೀಕರಣ. ಅವರು ಏನನ್ನು ನೋಡಬಹುದು, ಏನನ್ನು ಬದಲಿಸಬಹುದು ಎಂದು ತೀರ್ಮಾನಿಸುವುದು ಪ್ರವೇಶ ನಿಯಂತ್ರಣ. ಎರಡರಲ್ಲಿ ಯಾವುದು ಕೆಟ್ಟರೂ ಪರಿಣಾಮ ಹೆಚ್ಚುಕಡಿಮೆ ಒಂದೇ. ವೆಬ್ ಸುರಕ್ಷತೆಯ ಕ್ಷೇತ್ರದಲ್ಲಿ ಕೆಲಸ ಮಾಡುವ ಒವಾಸ್ಪ್ ಸಂಸ್ಥೆಯು ಹತ್ತು ಪ್ರಮುಖ ಅಪಾಯಗಳ ತನ್ನ 2021ರ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ವೈಫಲ್ಯಕ್ಕೆ ಮೊದಲ ಸ್ಥಾನ ಕೊಟ್ಟಿತು. 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು.

ಈ ದೋಷಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದೇಕೆ ಎಂಬುದು ಈ ವಿಷಯದ ತಿರುಳು. ಅಪ್‌ಡೇಟ್ ಆದ ಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೆ ಪ್ರವೇಶ ಸಿಗದಿದ್ದರೆ ಸಹಾಯವಾಣಿಗೆ ತಕ್ಷಣ ಕರೆಗಳು ಶುರುವಾಗುತ್ತವೆ. ತಪ್ಪು ಪಾಸ್‌ವರ್ಡ್ ಕೊಟ್ಟವರಿಗೂ ಪ್ರವೇಶ ಸಿಕ್ಕರೆ ದೂರು ಕೊಡುವವರು ಯಾರೂ ಇಲ್ಲ. ಪರೀಕ್ಷೆ ನಡೆಸುವವರೂ ಸಾಮಾನ್ಯವಾಗಿ ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಹೋಗುತ್ತದೆಯೇ ಎಂದಷ್ಟೇ ನೋಡಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಕೆಳಗೆ ವಿವರಿಸಿರುವ ಪ್ರಕರಣಗಳಲ್ಲಿ ಹಲವುಗಳ ಹಿಂದೆ ಈ ಏಕಮುಖ ಪರೀಕ್ಷೆಯೇ ಇದೆ.

ಹಿನ್ನೆಲೆ

ಪಾಸ್‌ವರ್ಡ್ ಪದ್ಧತಿಯನ್ನು ಮೊದಮೊದಲು ಬಳಸಿದ ವ್ಯವಸ್ಥೆಗಳಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ಒಂದು. ಫರ್ನಾಂಡೊ ಕಾರ್ಬಟೊ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಪ್ರದರ್ಶನ ಕಂಡ ಈ ವ್ಯವಸ್ಥೆ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸಲು ಅನುವು ಮಾಡಿಕೊಟ್ಟಿತು. 1960ರ ದಶಕದ ನಡುಭಾಗದಲ್ಲಿ ಒಂದು ದಿನ, ಲಾಗಿನ್ ಆದವರ ಟರ್ಮಿನಲ್‌ಗಳಲ್ಲಿ ದಿನದ ಪ್ರಕಟಣೆ ಬರುವ ಜಾಗದಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿ ಅಚ್ಚಾಗತೊಡಗಿತು. ಒಬ್ಬ ನಿರ್ವಾಹಕ ಪ್ರಕಟಣೆಯ ಕಡತವನ್ನೂ ಇನ್ನೊಬ್ಬ ಪಾಸ್‌ವರ್ಡ್ ಕಡತವನ್ನೂ ಒಂದೇ ಹೊತ್ತಿಗೆ ತಿದ್ದುತ್ತಿದ್ದರು. ಎಡಿಟರ್ ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರು ಇಡುತ್ತಿದ್ದುದರಿಂದ ಎರಡು ಕಡತಗಳೂ ಅದಲುಬದಲಾದವು. ಮೂಲ ವಿನ್ಯಾಸದಲ್ಲಿ ಒಂದು ಡೈರೆಕ್ಟರಿಯಲ್ಲಿ ಒಮ್ಮೆಗೆ ಒಬ್ಬರಷ್ಟೇ ಕೆಲಸ ಮಾಡಬಹುದಿತ್ತು, ಆದ್ದರಿಂದ ಒಂದೇ ಹೆಸರಿನಿಂದ ತೊಂದರೆ ಇರಲಿಲ್ಲ. ನಿರ್ವಾಹಕರ ಅನುಕೂಲಕ್ಕಾಗಿ ಮುಂದೆ ಆ ನಿರ್ಬಂಧವನ್ನು ಸಡಿಲಿಸಿದಾಗ, ಎಡಿಟರ್ ಅದೇ ನಿರ್ಬಂಧವನ್ನು ನಂಬಿಕೊಂಡಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಕಾರ್ಬಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ಒಂದು ಭಾಗವನ್ನು ಬದಲಿಸಿದಾಗ ಅದನ್ನು ನಂಬಿಕೊಂಡಿದ್ದ ಇನ್ನೊಂದು ಭಾಗ ಕುಸಿಯುವ ಈ ಮಾದರಿ ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ.

ಇದಕ್ಕೆ ಸೈದ್ಧಾಂತಿಕ ಉತ್ತರವೂ ಬೇಗನೆ ಬಂದಿತು. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎಂಟು ವಿನ್ಯಾಸ ತತ್ತ್ವಗಳನ್ನು ಮುಂದಿಟ್ಟರು. ಅವುಗಳಲ್ಲೊಂದರ ಪ್ರಕಾರ, ಸ್ಪಷ್ಟ ಅನುಮತಿ ಸಿಗುವವರೆಗೆ ಉತ್ತರ ‘ಇಲ್ಲ’ ಎಂದೇ ಇರಬೇಕು. ತಪಾಸಣೆಯೇ ಅರ್ಧಕ್ಕೆ ಕೆಟ್ಟು ನಿಂತರೂ ಫಲಿತಾಂಶ ನಿರಾಕರಣೆಯಾಗಿರಬೇಕು. ಇಷ್ಟು ಸರಳವಾದ ಈ ತತ್ತ್ವವನ್ನು ದೊಡ್ಡ ದೊಡ್ಡ ಕಂಪನಿಗಳೂ ಮತ್ತೆ ಮತ್ತೆ ಮುರಿದಿವೆ.

ಮ್ಯಾಕ್ ಹೈ ಸಿಯೆರಾ, 2017

ಆಪಲ್ ಕಂಪನಿ ಮ್ಯಾಕ್ ಕಂಪ್ಯೂಟರುಗಳಿಗಾಗಿ ತನ್ನ ಕಾರ್ಯಾಚರಣ ವ್ಯವಸ್ಥೆಯ ಹೈ ಸಿಯೆರಾ ಎಂಬ 10.13ನೆಯ ಆವೃತ್ತಿಯನ್ನು 2017ರ ಸೆಪ್ಟೆಂಬರ್ 25ರಂದು ಬಿಡುಗಡೆ ಮಾಡಿತು. ನವೆಂಬರ್ 28ರಂದು ಟರ್ಕಿಯ ಎಂಜಿನಿಯರ್ ಲೆಮಿ ಓರ್ಹಾನ್ ಎರ್ಗಿನ್ ಟ್ವಿಟರ್‌ನಲ್ಲಿ ಆಪಲ್ ಕಂಪನಿಯನ್ನೇ ಕುರಿತು ಒಂದು ಪ್ರಶ್ನೆ ಕೇಳಿದರು. ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ಬಳಕೆದಾರರ ಪಟ್ಟಿ ತೆರೆದು, ಮೂಲೆಯಲ್ಲಿರುವ ಬೀಗದ ಚಿತ್ರವನ್ನು ಒತ್ತಿ, ಹೆಸರಿನ ಜಾಗದಲ್ಲಿ ‘ರೂಟ್’ ಎಂದು ಬರೆದು, ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟು ಒಂದೆರಡು ಸಲ ಒತ್ತಿದರೆ ಸಾಕು, ಯಂತ್ರದ ಸಂಪೂರ್ಣ ಅಧಿಕಾರ ಕೈಗೆ ಬರುತ್ತಿತ್ತು. ರೂಟ್ ಎಂಬುದು ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಎಲ್ಲಕ್ಕೂ ಮೇಲಿನ ಖಾತೆ. ಮ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಷ್ಕ್ರಿಯವಾಗಿರುತ್ತದೆ.

ಸುರಕ್ಷತಾ ಸಂಶೋಧಕ ಪ್ಯಾಟ್ರಿಕ್ ವಾರ್ಡಲ್ ಇದರ ಒಳಗುಟ್ಟನ್ನು ಬಿಡಿಸಿ ತೋರಿಸಿದರು. ಪಾಸ್‌ವರ್ಡ್‌ಗಳನ್ನು ಹಳೆಯ ರೀತಿಯಲ್ಲಿ ಸಂಗ್ರಹಿಸಿಟ್ಟ ಖಾತೆಗಳು ಸಿಕ್ಕಿದರೆ ಅವನ್ನು ಹೊಸ ರೀತಿಗೆ ಸದ್ದಿಲ್ಲದೆ ಬದಲಾಯಿಸುವ ಕೋಡ್ ಈ ವ್ಯವಸ್ಥೆಯಲ್ಲಿತ್ತು. ನಿಷ್ಕ್ರಿಯವಾದ ರೂಟ್ ಖಾತೆಗೆ ಹೊಸ ರೀತಿಯ ಪಾಸ್‌ವರ್ಡ್ ದಾಖಲೆ ಇಲ್ಲದ್ದರಿಂದ ತಂತ್ರಾಂಶ ಅದನ್ನು ಹಳೆಯ ಖಾತೆಯೆಂದು ಭಾವಿಸಿತು. ಮೊದಲು ಹಳೆಯ ರೀತಿಯಲ್ಲಿ ಪಾಸ್‌ವರ್ಡ್ ತಾಳೆ ನೋಡಬೇಕು, ಸರಿಹೊಂದಿದರೆ ಮಾತ್ರ ಬದಲಾಯಿಸಬೇಕು. ತಾಳೆ ನೋಡುವ ಭಾಗ ಹಿಂದಿರುಗಿಸಿದ ಫಲಿತಾಂಶವನ್ನು ಮುಂದಿನ ಭಾಗ ಸರಿಯಾಗಿ ಪರಿಶೀಲಿಸಲಿಲ್ಲ. ಹಾಗಾಗಿ ಬಂದವರು ಕೊಟ್ಟ ಪಾಸ್‌ವರ್ಡ್ ಯಾವುದೇ ಇರಲಿ, ಖಾಲಿಯೇ ಇರಲಿ, ಅದನ್ನೇ ರೂಟ್ ಖಾತೆಯ ಹೊಸ ಪಾಸ್‌ವರ್ಡ್ ಎಂದು ಬರೆದಿಟ್ಟಿತು. ಮೊದಲ ಒತ್ತಿಗೆ ಖಾತೆ ಜೀವ ತಳೆಯುತ್ತಿತ್ತು, ಎರಡನೆಯದಕ್ಕೆ ಅದೇ ಖಾಲಿ ಪಾಸ್‌ವರ್ಡ್‌ನಿಂದ ಪ್ರವೇಶ ಸಿಗುತ್ತಿತ್ತು. ಹಿಂದಿನ ಸಿಯೆರಾ 10.12.6ರಲ್ಲೇ ಉಳಿದವರಿಗೆ ಈ ತೊಂದರೆ ಇರಲಿಲ್ಲ.

ಆಪಲ್ ಮರುದಿನವೇ ತಿದ್ದುಪಡಿ ಹೊರಡಿಸಿ ಬಳಕೆದಾರರ ಕ್ಷಮೆ ಕೇಳಿತು. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2017-13872 ಎಂಬ ಸಂಖ್ಯೆ ಪಡೆದ ಈ ದೋಷದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವಸರದ ತಿದ್ದುಪಡಿಯಿಂದ ಕೆಲವು ಮ್ಯಾಕ್‌ಗಳಲ್ಲಿ ಕಡತ ಹಂಚಿಕೆಯ ಲಾಗಿನ್ ಕೆಟ್ಟಿತು. 10.13.0 ಆವೃತ್ತಿಯಲ್ಲಿ ತಿದ್ದುಪಡಿ ಹಾಕಿಕೊಂಡು ಆಮೇಲೆ 10.13.1ಕ್ಕೆ ಏರಿದವರ ಯಂತ್ರದಲ್ಲಿ ತಿದ್ದುಪಡಿಯೇ ಅಳಿಸಿಹೋಗಿ ಹಳೆಯ ತೂತು ಮತ್ತೆ ತೆರೆದುಕೊಂಡಿತು. ಒಂದೇ ಪ್ರಕರಣದಲ್ಲಿ ನವೀಕರಣ ಎರಡು ಸಲ ಬಾಗಿಲು ತೆರೆದದ್ದು ಇದರ ವಿಶೇಷ.

ವಿಸೆಂಟರ್: ಹೊಸದು ಸುರಕ್ಷಿತ, ಏರಿಸಿದ್ದು ಅಸುರಕ್ಷಿತ

ನವೀಕರಣವೇ ದೋಷದ ಮೂಲ ಎಂಬುದಕ್ಕೆ ವಿಎಂವೇರ್ ಕಂಪನಿಯ ವಿಸೆಂಟರ್ ಸರ್ವರ್‌ಗಿಂತ ನಿಚ್ಚಳ ಉದಾಹರಣೆ ಸಿಗಲಾರದು. ದೊಡ್ಡ ಸಂಸ್ಥೆಗಳಲ್ಲಿ ನೂರಾರು ವರ್ಚುವಲ್ ಯಂತ್ರಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ತಂತ್ರಾಂಶವಿದು; ಇದರ ಅಧಿಕಾರ ಸಿಕ್ಕವರಿಗೆ ಇಡೀ ಡೇಟಾ ಸೆಂಟರ್ ಸಿಕ್ಕಂತೆ. 2020ರ ಏಪ್ರಿಲ್ 9ರಂದು ಕಂಪನಿ ಹೊರಡಿಸಿದ ಸೂಚನೆಯಲ್ಲಿ ಸಿವಿಇ-2020-3952 ಎಂಬ ದೋಷಕ್ಕೆ ತೀವ್ರತೆಯ ಗರಿಷ್ಠ ಅಂಕ, 10ಕ್ಕೆ 10, ನೀಡಲಾಗಿತ್ತು. ಅದರಲ್ಲಿದ್ದ ಒಂದು ಮಾತು ಓದಿದವರನ್ನು ತಡೆದು ನಿಲ್ಲಿಸುವಂಥದ್ದು: 6.7 ಆವೃತ್ತಿಯನ್ನು ಹೊಸದಾಗಿ ಅಳವಡಿಸಿದವರಿಗೆ ಯಾವ ಅಪಾಯವೂ ಇಲ್ಲ, 6.0 ಅಥವಾ 6.5ರಿಂದ 6.7ಕ್ಕೆ ಏರಿದವರಿಗೆ ಮಾತ್ರ ಅಪಾಯ.

ಗಾರ್ಡಿಕೋರ್ ಸಂಸ್ಥೆಯ ಸಂಶೋಧಕರು ಇದರ ಕಾರಣ ಹುಡುಕಿದರು. ವಿಸೆಂಟರ್‌ನಲ್ಲಿ ಬಳಕೆದಾರರ ವಿವರ, ಅವರ ಗುಂಪು, ಹಕ್ಕು ಎಲ್ಲವೂ ವಿಎಂಡಿರ್ ಎಂಬ ಡೈರೆಕ್ಟರಿ ಸೇವೆಯಲ್ಲಿರುತ್ತವೆ. ಹೊಸ ಆವೃತ್ತಿಗೆ ಹೊಸ ಬಗೆಯ ಪ್ರವೇಶ ನಿಯಮಗಳಿದ್ದವು. ಹಳೆಯ ವ್ಯವಸ್ಥೆಯಿಂದ ಬಂದ ದತ್ತಾಂಶದಲ್ಲಿ ಆ ನಿಯಮಗಳು ಇರಲಿಲ್ಲವಾದ್ದರಿಂದ, ಏರಿಸಿದ ಸರ್ವರ್‌ಗಳ ಕೆಲಸ ನಿಲ್ಲದಿರಲೆಂದು ‘ಲೆಗಸಿ’ ಎಂಬ ಹಳೆಯ ಕ್ರಮವೊಂದನ್ನು ಉಳಿಸಿಕೊಳ್ಳಲಾಗಿತ್ತು. ಆ ಕ್ರಮದಲ್ಲಿ ಹಕ್ಕು ಪರಿಶೀಲಿಸುವ ಫಂಕ್ಷನ್, ಅನುಮತಿ ಇಲ್ಲವೆಂದು ಕಂಡುಕೊಂಡಾಗಲೂ ‘ಅನುಮತಿ ಇದೆ’ ಎಂದೇ ಉತ್ತರಿಸುತ್ತಿತ್ತು. ಜೊತೆಗೆ, ಗುರುತಿನ ಟೋಕನ್ ಇಲ್ಲದ ಸಂಪರ್ಕವನ್ನು ಒಳಗಿನ ವ್ಯವಸ್ಥೆಯದ್ದೇ ಇರಬೇಕೆಂದು ಭಾವಿಸಿ ಪೂರ್ಣ ಅಧಿಕಾರ ಕೊಡುವ ವಿನ್ಯಾಸದೋಷವೂ ಇತ್ತು. ಎರಡೂ ಸೇರಿದಾಗ, ಲಾಗಿನ್ ಆಗದ ವ್ಯಕ್ತಿ ಜಾಲದಲ್ಲಿ ಸರ್ವರನ್ನು ತಲುಪಬಲ್ಲವನಾಗಿದ್ದರೆ ಹೊಸ ಖಾತೆ ತೆರೆದು ಅದನ್ನು ನಿರ್ವಾಹಕರ ಗುಂಪಿಗೆ ಸೇರಿಸಬಹುದಿತ್ತು. ತಮ್ಮ ಸರ್ವರ್ ಅಪಾಯದಲ್ಲಿದೆಯೇ ಎಂದು ತಿಳಿಯಲು ನಿರ್ವಾಹಕರಿಗೆ ಇದ್ದ ದಾರಿ, ವಿಎಂಡಿರ್ ಸೇವೆಯ ದಿನಚರಿ ಕಡತದಲ್ಲಿ ‘ಎಸಿಎಲ್ ಮೋಡ್: ಲೆಗಸಿ’ ಎಂಬ ಸಾಲು ಇದೆಯೇ ಎಂದು ಹುಡುಕುವುದು.

ಪ್ರಯೋಗಾಲಯದಲ್ಲಿ ಪರೀಕ್ಷಕರು ಸಾಮಾನ್ಯವಾಗಿ ಹೊಸ ಪ್ರತಿಯನ್ನು ಅಳವಡಿಸಿ ಪರೀಕ್ಷಿಸುತ್ತಾರೆ. ಅಂಥ ಪ್ರತಿಯಲ್ಲಿ ಈ ದೋಷ ಎಂದಿಗೂ ಕಾಣುವುದಿಲ್ಲ. ಗ್ರಾಹಕರ ಬಳಿ ಇರುವುದು ವರ್ಷಗಳಿಂದ ಏರಿಸಿಕೊಂಡು ಬಂದ ಯಂತ್ರ. ಈ ಅಂತರವನ್ನು ಗಂಭೀರವಾಗಿ ತೆಗೆದುಕೊಳ್ಳದ ಯಾವ ಪರೀಕ್ಷೆಯೂ ಪೂರ್ಣವಲ್ಲ.

ಮರುಬರವಣಿಗೆ ಮತ್ತು ಅಳಿಸಿದ ಸಾಲುಗಳು

ಹಳೆಯ ಕೋಡನ್ನು ಬೇರೆ ಭಾಷೆಯಲ್ಲಿ ಮತ್ತೆ ಬರೆಯುವಾಗ ಅದರೊಳಗಿನ ಸಣ್ಣ ಎಚ್ಚರಿಕೆಗಳು ಕಳೆದುಹೋಗುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 15ರಲ್ಲಿ ಇಸಿಡಿಎಸ್‌ಎ ಎಂಬ ಡಿಜಿಟಲ್ ಸಹಿಯ ತಾಳೆ ನೋಡುವ ಭಾಗವನ್ನು ಸಿ++ನಿಂದ ಜಾವಾಕ್ಕೆ ತರಲಾಯಿತು. ಸಹಿಯ ಎರಡು ಸಂಖ್ಯೆಗಳೂ ಸೊನ್ನೆಯಾಗಿರಬಾರದು ಎಂಬ ಪರಿಶೀಲನೆ ಆಗ ಬಿಟ್ಟುಹೋಯಿತು. ಅದರಿಂದ ಸೊನ್ನೆಗಳಷ್ಟೇ ಇರುವ ಖಾಲಿ ಸಹಿ ಯಾವ ದಾಖಲೆಗಾದರೂ, ಯಾರ ಹೆಸರಿನಲ್ಲಾದರೂ ಸಿಂಧುವಾಯಿತು. ಇಂದಿನ ಅನೇಕ ಲಾಗಿನ್ ವ್ಯವಸ್ಥೆಗಳು ಇಂಥ ಸಹಿಯನ್ನೇ ನಂಬಿ ಬಳಕೆದಾರರನ್ನು ಗುರುತಿಸುತ್ತವೆ. ಫೋರ್ಜ್‌ರಾಕ್ ಕಂಪನಿಯ ನೀಲ್ ಮ್ಯಾಡನ್ ಇದನ್ನು ಪತ್ತೆಹಚ್ಚಿದರು. 2022ರ ಏಪ್ರಿಲ್‌ನಲ್ಲಿ ತಿದ್ದುಪಡಿ ಬಂತು. ಹಳೆಯ ಜಾವಾ 8 ಅಥವಾ 11ರಲ್ಲೇ ಉಳಿದವರಿಗೆ ಈ ದೋಷ ತಟ್ಟಲಿಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಂಪರ್ಕಕ್ಕೆ ಬಳಸುವ ಲಿಬ್‌ಎಸ್‌ಎಸ್‌ಎಚ್ ಲೈಬ್ರರಿಯ 0.6ನೆಯ ಆವೃತ್ತಿಯಿಂದ ಸೇರಿಕೊಂಡಿದ್ದ ದೋಷವೂ ಇದೇ ಜಾತಿಯದು: ‘ನನ್ನನ್ನು ಪರಿಶೀಲಿಸಿ’ ಎಂದು ಕೇಳಬೇಕಾದ ಗ್ರಾಹಕ ಯಂತ್ರ ‘ಪರಿಶೀಲನೆ ಯಶಸ್ವಿ’ ಎಂಬ ಸಂದೇಶವನ್ನು ತಾನೇ ಕಳಿಸಿದರೆ ಸರ್ವರ್ ಅದನ್ನು ನಂಬುತ್ತಿತ್ತು. ಅದು ಬಯಲಾಗಿ ಸರಿಯಾದದ್ದು 2018ರ ಅಕ್ಟೋಬರ್‌ನಲ್ಲಿ.

ಲಿನಕ್ಸ್‌ನ ಡೆಬಿಯನ್ ಪ್ರಕರಣ ಇನ್ನೂ ನೋವಿನದು. ಗೂಢಲಿಪೀಕರಣದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಪರೀಕ್ಷಾ ಸಾಧನವೊಂದರಲ್ಲಿ ಓಡಿಸಿದಾಗ ಬಂದ ಎಚ್ಚರಿಕೆಯನ್ನು ನಿವಾರಿಸಲೆಂದು, ಒಳ್ಳೆಯ ಉದ್ದೇಶದಿಂದಲೇ, ಕೋಡ್‌ನ ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. 2006ರ ಸೆಪ್ಟೆಂಬರ್‌ನಲ್ಲಿ ಆ ಬದಲಾವಣೆ ಡೆಬಿಯನ್‌ಗೆ ಸೇರಿತು. ರಹಸ್ಯ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆ ಆ ಸಾಲುಗಳ ಮೂಲಕವೇ ಒದಗುತ್ತಿತ್ತು. ಅವು ಹೋದ ಮೇಲೆ ಉಳಿದದ್ದು ಪ್ರೋಗ್ರಾಮಿನ ಪ್ರಕ್ರಿಯೆ ಸಂಖ್ಯೆಯೊಂದೇ. ಅದರಿಂದ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗಳು ಹೆಚ್ಚೆಂದರೆ 32,768 ಮಾತ್ರ ಸಾಧ್ಯ. ಅಷ್ಟನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಿದರೆ ಪಾಸ್‌ವರ್ಡ್ ಇಲ್ಲದೆ ಸರ್ವರಿಗೆ ಲಾಗಿನ್ ಆಗಬಹುದಿತ್ತು. ಲುಚಿಯಾನೊ ಬೆಲ್ಲೊ ಕಂಡುಹಿಡಿದ ಈ ದೋಷ 2008ರ ಮೇ 13ರಂದು ಪ್ರಕಟವಾಯಿತು. ತಂತ್ರಾಂಶವನ್ನು ಸರಿಪಡಿಸಿದರೂ ಅಷ್ಟರೊಳಗೆ ಹುಟ್ಟಿದ ದುರ್ಬಲ ಕೀಲಿಗಳು ಬೇರೆ ಬೇರೆ ಯಂತ್ರಗಳಿಗೆ ಹಬ್ಬಿದ್ದವು. ಅವನ್ನೆಲ್ಲ ಹುಡುಕಿ ಹೊಸ ಕೀಲಿ ಮಾಡಿಸಬೇಕಾಯಿತು.

ಒಮ್ಮೆ ಸರಿಪಡಿಸಿದ ದೋಷ ಮರಳಿ ಬರುವುದೂ ಉಂಟು. ಎಸ್‌ಎಸ್‌ಎಚ್ ಸಂಪರ್ಕದ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನಲ್ಲಿ 2006ರಲ್ಲಿ ಮುಚ್ಚಿದ್ದ ತೂತೊಂದು 2020ರ ಅಕ್ಟೋಬರ್‌ನ ಬದಲಾವಣೆಯಲ್ಲಿ ರಕ್ಷಣೆಯ ಸಾಲು ಅಳಿಸಿಹೋದ ಕಾರಣ ಮತ್ತೆ ತೆರೆದುಕೊಂಡಿತು. ನಿಗದಿತ ಸಮಯದೊಳಗೆ, ಅಂದರೆ ಸಾಮಾನ್ಯವಾಗಿ 120 ಸೆಕೆಂಡಿನಲ್ಲಿ, ಲಾಗಿನ್ ಪೂರ್ತಿ ಮಾಡದ ಸಂಪರ್ಕವನ್ನು ಸರ್ವರ್ ಕಡಿದುಹಾಕುವ ಕ್ಷಣದಲ್ಲಿ ಈ ದೋಷ ಕೆಲಸ ಮಾಡುತ್ತಿತ್ತು. ಕ್ವಾಲಿಸ್ ಸಂಸ್ಥೆ 2024ರ ಜುಲೈ 1ರಂದು ಅದನ್ನು ಬಹಿರಂಗಪಡಿಸಿತು.

ವೇಗಕ್ಕಾಗಿ ಮಾಡಿದ ಮತ್ತು ಇತರ ಬದಲಾವಣೆಗಳು

ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ದತ್ತಾಂಶ ವ್ಯವಸ್ಥೆಗಳಲ್ಲಿ 2012ರ ಜೂನ್‌ನಲ್ಲಿ ಬಯಲಾದ ದೋಷದಲ್ಲಿ ಮೂಲ ಕೋಡ್ ಮೊದಲಿನದೇ. ಅದರಡಿ ಇದ್ದ ಲೈಬ್ರರಿ ವೇಗವಾಗಿತ್ತು. ಪಾಸ್‌ವರ್ಡ್ ಹೋಲಿಸಿದ ಫಲಿತಾಂಶವನ್ನು ಒಂದೇ ಬೈಟಿಗೆ ಇಳಿಸಿ ಇಟ್ಟುಕೊಳ್ಳಲಾಗುತ್ತಿತ್ತು. ಹೊಸ ಪ್ರೊಸೆಸರುಗಳಿಗೆ ಹದಗೊಳಿಸಿದ ಲೈಬ್ರರಿ ಆ ಮಿತಿಗೆ ಮೀರಿದ ಸಂಖ್ಯೆ ಹಿಂದಿರುಗಿಸಿದಾಗ ಕೆಲವೊಮ್ಮೆ ಉಳಿದ ಬೈಟು ಸೊನ್ನೆಯಾಗಿ, ‘ಹೊಂದುತ್ತದೆ’ ಎಂಬ ಅರ್ಥ ಬರುತ್ತಿತ್ತು. ಹೀಗಾಗುವ ಸಂಭವ 256ರಲ್ಲಿ ಒಂದು. ಯಾವುದೋ ಒಂದು ಪಾಸ್‌ವರ್ಡನ್ನು ಕೆಲವು ನೂರು ಸಲ ಕಳಿಸಿದರೆ ರೂಟ್ ಖಾತೆ ಕೈಗೆ ಸಿಗುತ್ತಿತ್ತು. ಒಂದೇ ಮೂಲ ಕೋಡ್ ಒಂದು ಯಂತ್ರದಲ್ಲಿ ಸುರಕ್ಷಿತವಾಗಿತ್ತು, ಇನ್ನೊಂದರಲ್ಲಿ ತೆರೆದೇ ಇತ್ತು.

ಅನೇಕ ಕಂಪನಿಗಳಿಗೆ ಲಾಗಿನ್ ಸೇವೆ ಒದಗಿಸುವ ಓಕ್ಟಾ 2024ರ ಜುಲೈ 23ರ ಬಿಡುಗಡೆಯಲ್ಲಿ ತಂದ ಬದಲಾವಣೆ ಇನ್ನೂ ಸೂಕ್ಷ್ಮ. ಒಮ್ಮೆ ಯಶಸ್ವಿಯಾದ ಲಾಗಿನ್ ನೆನಪಿಡಲು ಬಳಕೆದಾರರ ಗುರುತು ಸಂಖ್ಯೆ, ಹೆಸರು, ಪಾಸ್‌ವರ್ಡ್ ಮೂರನ್ನೂ ಸಾಲಾಗಿ ಜೋಡಿಸಿ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನಕ್ಕೆ ಕೊಡಲಾಗುತ್ತಿತ್ತು. ಬಿಕ್ರಿಪ್ಟ್ ಮೊದಲ 72 ಬೈಟುಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ. ಬಳಕೆದಾರರ ಹೆಸರೇ 52 ಅಕ್ಷರ ಅಥವಾ ಹೆಚ್ಚಿದ್ದರೆ ಪಾಸ್‌ವರ್ಡ್ ಆ ಮಿತಿಯಿಂದ ಹೊರಗೆ ಬೀಳುತ್ತಿತ್ತು. ಆಗ ಸಂಸ್ಥೆಯ ಡೈರೆಕ್ಟರಿ ಸಂಪರ್ಕ ಕೆಟ್ಟು ನೆನಪಿನ ದಾಖಲೆಯಿಂದಲೇ ಲಾಗಿನ್ ನಡೆಯುವ ಸಂದರ್ಭ ಬಂದರೆ ಯಾವ ಪಾಸ್‌ವರ್ಡ್ ಕೊಟ್ಟರೂ ನಡೆಯುತ್ತಿತ್ತು. ಕಂಪನಿ ತಾನಾಗಿ ಅಕ್ಟೋಬರ್ 30ರಂದು ಇದನ್ನು ಕಂಡು ಸರಿಪಡಿಸಿತು. ಎರಡನೆಯ ಹಂತದ ದೃಢೀಕರಣ ಕಡ್ಡಾಯವಾಗಿದ್ದ ಕಡೆ ಈ ದೋಷದಿಂದ ಹಾನಿಯಾಗುವಂತಿರಲಿಲ್ಲ.

ಇಷ್ಟು ನಾಜೂಕಿಲ್ಲದ ಪ್ರಕರಣಗಳೂ ಇವೆ. ಕಡತಗಳನ್ನು ಅಂತರ್ಜಾಲದಲ್ಲಿ ಇಡುವ ಸೇವೆ ಡ್ರಾಪ್‌ಬಾಕ್ಸ್ 2011ರ ಜೂನ್ 19ರಂದು, ಭಾನುವಾರ, ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಮಧ್ಯಾಹ್ನ 1:54ಕ್ಕೆ ಕೋಡ್ ಬದಲಾಯಿಸಿತು. ಸಂಜೆ 5:46ಕ್ಕೆ ತಿದ್ದುಪಡಿ ಜಾರಿಯಾಗುವವರೆಗೆ ಯಾವ ಪಾಸ್‌ವರ್ಡ್ ಕೊಟ್ಟರೂ ಯಾರ ಖಾತೆಗಾದರೂ ಹೋಗಬಹುದಿತ್ತು. ಆ ಅವಧಿಯಲ್ಲಿ ಲಾಗಿನ್ ಆದವರು ಒಟ್ಟು ಬಳಕೆದಾರರಲ್ಲಿ ಶೇಕಡಾ 1ಕ್ಕಿಂತ ಬಹಳ ಕಡಿಮೆ ಎಂದು ಕಂಪನಿ ತಿಳಿಸಿತು. ಫೇಸ್‌ಬುಕ್ 2017ರ ಜುಲೈನಲ್ಲಿ ವಿಡಿಯೊ ಏರಿಸುವ ಸೌಲಭ್ಯವನ್ನು ಬದಲಾಯಿಸಿದ್ದರಿಂದ ಹುಟ್ಟಿದ ದೋಷ ಇನ್ನೆರಡು ದೋಷಗಳೊಡನೆ ಸೇರಿ, ನಿಮ್ಮ ಪುಟ ಇತರರಿಗೆ ಹೇಗೆ ಕಾಣುತ್ತದೆಂದು ತೋರಿಸುವ ಸೌಲಭ್ಯದ ಮೂಲಕ ಆ ಇತರರ ಲಾಗಿನ್ ಟೋಕನ್ನನ್ನೇ ಕೈಗಿಟ್ಟಿತು. 2018ರ ಸೆಪ್ಟೆಂಬರ್‌ನಲ್ಲಿ ಬಯಲಾದಾಗ 5 ಕೋಟಿ ಎಂದಿದ್ದ ಬಾಧಿತರ ಸಂಖ್ಯೆಯನ್ನು ಕಂಪನಿ ಬಳಿಕ ಸುಮಾರು 3 ಕೋಟಿಗೆ ಇಳಿಸಿತು. ಈ ಪ್ರಕರಣಕ್ಕಾಗಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ 2024ರ ಡಿಸೆಂಬರ್‌ನಲ್ಲಿ ಮಾತೃಸಂಸ್ಥೆ ಮೆಟಾಗೆ 25.1 ಕೋಟಿ ಯೂರೊ ದಂಡ ವಿಧಿಸಿತು.

ತಡೆ ಮತ್ತು ಪರಿಹಾರ

ತಪ್ಪು ಪಾಸ್‌ವರ್ಡ್, ಖಾಲಿ ಪಾಸ್‌ವರ್ಡ್, ನಿಷ್ಕ್ರಿಯ ಖಾತೆ, ಅವಧಿ ಮುಗಿದ ಟೋಕನ್, ಅತಿ ಉದ್ದದ ಹೆಸರು, ಲಾಗಿನ್ ಆಗದೆಯೇ ಕಳಿಸಿದ ವಿನಂತಿ: ಇವೆಲ್ಲಕ್ಕೂ ನಿರಾಕರಣೆಯೇ ಉತ್ತರವಾಗಿ ಬರುತ್ತದೆಯೇ ಎಂದು ಪ್ರತಿ ಬಿಡುಗಡೆಗೂ ಮೊದಲು ಯಂತ್ರವೇ ಪರೀಕ್ಷಿಸುವಂತೆ ಬರೆದಿಡುವುದು ಮೂಲ ಉಪಾಯ. ಹೊಸ ಅಳವಡಿಕೆಯ ಜೊತೆಗೆ ಹಳೆಯ ಆವೃತ್ತಿಗಳಿಂದ ಏರಿಸಿದ ಪ್ರತಿಗಳ ಮೇಲೂ ಇದೇ ಪರೀಕ್ಷೆ ನಡೆಯಬೇಕು. ಸರಿಪಡಿಸಿದ ಪ್ರತಿ ದೋಷಕ್ಕೂ ಒಂದು ಪರೀಕ್ಷೆಯನ್ನು ಶಾಶ್ವತವಾಗಿ ಉಳಿಸಿಕೊಂಡರೆ ಓಪನ್‌ಎಸ್‌ಎಸ್‌ಎಚ್‌ನಲ್ಲಾದಂತೆ ಹಳೆಯದು ಮರಳಿ ಬರುವುದು ತಪ್ಪುತ್ತದೆ. ಬೆಂಗಳೂರಿನಲ್ಲಿ ಕುಳಿತು ಜಗತ್ತಿನ ಕಂಪನಿಗಳ ತಂತ್ರಾಂಶ ಪರೀಕ್ಷಿಸುವ ಕನ್ನಡದ ಎಂಜಿನಿಯರುಗಳಿಗೆ ಇದು ದಿನನಿತ್ಯದ ಕೆಲಸ. ಗಡುವು ಹತ್ತಿರ ಬಂದಾಗ ಮೊದಲು ಕೈಬಿಡುವುದು ಈ ನಿರಾಕರಣೆಯ ಪರೀಕ್ಷೆಗಳನ್ನೇ ಎಂಬುದು ವಿಷಾದದ ಸಂಗತಿ. ಹೊಸ ಆವೃತ್ತಿಯನ್ನು ಮೊದಲು ಕೆಲವೇ ಸರ್ವರ್‌ಗಳಿಗೆ ಹಾಕಿ, ವಿಫಲ ಲಾಗಿನ್‌ಗಳ ಪ್ರಮಾಣ ಗಮನಿಸುವುದೂ ರೂಢಿಯಲ್ಲಿದೆ. ವಿಫಲ ಲಾಗಿನ್‌ಗಳು ಹಠಾತ್ತನೆ ಶೂನ್ಯಕ್ಕಿಳಿದರೆ ಸಂತೋಷಪಡದೆ ಅನುಮಾನಪಡಬೇಕು.

ದೋಷ ಪತ್ತೆಯಾದ ಮೇಲೆ ಕೋಡ್ ತಿದ್ದಿದರೆ ಅರ್ಧ ಕೆಲಸವಷ್ಟೇ ಮುಗಿದಂತೆ. ಆ ಅವಧಿಯಲ್ಲಿ ಒಳಬಂದವರ ಸೆಷನ್‌ಗಳನ್ನು ಕೊನೆಗೊಳಿಸಬೇಕು, ಟೋಕನ್, ಕೀಲಿಗಳನ್ನು ರದ್ದುಪಡಿಸಬೇಕು, ಹೊಸದಾಗಿ ಹುಟ್ಟಿಕೊಂಡ ನಿರ್ವಾಹಕ ಖಾತೆಗಳಿವೆಯೇ ಎಂದು ಹುಡುಕಬೇಕು. ಈ ದೋಷಗಳ ಮೂಲಕ ಬಂದವರ ಲಾಗಿನ್ ದಾಖಲೆಯಲ್ಲಿ ‘ಯಶಸ್ವಿ’ ಎಂದೇ ಇರುವುದರಿಂದ ತನಿಖೆ ಕಷ್ಟ.

ಹಾಗೆಂದು ಅಪ್‌ಡೇಟ್ ಹಾಕುವುದನ್ನೇ ನಿಲ್ಲಿಸುವುದು ಪರಿಹಾರವಲ್ಲ. ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ಕೊಟ್ಟಿದ್ದ ತಿದ್ದುಪಡಿಯನ್ನು ಹಾಕಿಕೊಳ್ಳದ ಯಂತ್ರಗಳ ಮೇಲೆಯೇ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿ ನಡೆಯಿತು. ಹಳೆಯ ಆವೃತ್ತಿಯಲ್ಲಿ ಉಳಿದವರು ಜಾವಾ ಪ್ರಕರಣದಲ್ಲಿ ಪಾರಾದರು ನಿಜ. ಅದನ್ನು ನಂಬಿ ಹಳೆಯದಕ್ಕೇ ಅಂಟಿಕೊಂಡವರು ಬೇರೆ ನೂರು ದೋಷಗಳಿಗೆ ಸಿಕ್ಕಿಬೀಳುತ್ತಾರೆ.

ಭಾರತದಲ್ಲಿ

ಇಂಥ ಘಟನೆಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. 2004ರಿಂದ ಕೆಲಸ ಮಾಡುತ್ತಿರುವ ಇದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮು ಅಧಿಕಾರ ನೀಡುತ್ತದೆ. 2022ರ ಏಪ್ರಿಲ್ 28ರ ಅದರ ನಿರ್ದೇಶನದಂತೆ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ವ್ಯವಸ್ಥೆಯ ದಿನಚರಿ ಕಡತಗಳನ್ನು 180 ದಿನ ಕಾಯ್ದಿಡಬೇಕು. ಹೈ ಸಿಯೆರಾದ ದೋಷ ಎರಡು ತಿಂಗಳು, ಓಕ್ಟಾದ್ದು ಮೂರು ತಿಂಗಳು ಅಡಗಿದ್ದವು. 180 ದಿನದ ದಾಖಲೆ ಅಂಥವುಗಳ ತನಿಖೆಗೆ ಸಾಕು, ಡೆಬಿಯನ್‌ನಂಥ ಪ್ರಕರಣಕ್ಕೆ ಸಾಲದು. ಬಾಗಿಲು ತೆರೆದಿತ್ತೆಂದು ಅನುಮತಿಯಿಲ್ಲದೆ, ದುರುದ್ದೇಶದಿಂದ ಒಳಹೊಕ್ಕವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ವೈಯಕ್ತಿಕ ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗಳಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗಿನ ದಂಡ ಗೊತ್ತುಪಡಿಸಿದೆ.

ಕಚೇರಿಯ, ಶಾಲೆಯ ಅಥವಾ ಸಹಕಾರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅಪ್‌ಡೇಟ್ ಮುಗಿದ ಕೂಡಲೇ ಸರಿಯಾದ ಪಾಸ್‌ವರ್ಡ್ ಹಾಕಿ ನೋಡುವುದರ ಜೊತೆಗೆ, ಒಮ್ಮೆ ಬೇಕೆಂದೇ ತಪ್ಪು ಪಾಸ್‌ವರ್ಡ್, ಇನ್ನೊಮ್ಮೆ ಖಾಲಿ ಪಾಸ್‌ವರ್ಡ್ ಹಾಕಿ ನೋಡಬೇಕು, ಮತ್ತು ಸೌಲಭ್ಯವಿರುವ ಕಡೆಯೆಲ್ಲ ಎರಡು ಹಂತದ ದೃಢೀಕರಣವನ್ನು ಇಂದೇ ಕಡ್ಡಾಯ ಮಾಡಬೇಕು.